ಒಂದು ಮಳೆಗಾಲದ ಬಾಕಿ: ನಮ್ಮ 11 ಚದರದ ಮನೆಯ ಲೆಕ್ಕಪುಸ್ತಕ

ನಮ್ಮ ಕಡೆ ಹೊಸ ಮನೆ ನೋಡಲು ಬಂದವರು ಒಳಗೆ ಕಾಲಿಟ್ಟ ಕೂಡಲೇ ತಲೆ ಎತ್ತಿ ಮಾಡಿನ ಮೂಲೆ ನೋಡುತ್ತಾರೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ. "ಸೋರ್ತದಾ?" ನೆಲಕ್ಕೆ ಏನು ಹಾಕಿದ್ದೀರಿ, ಎಷ್ಟು ಖರ್ಚಾಯ್ತು, ಅದೆಲ್ಲ ಕಾಫಿ ಕುಡಿಯುವಾಗ. ನಮ್ಮ ಹಳ್ಳಿ ಇರುವುದು ಹೊಸನಗರ ಮತ್ತು ತೀರ್ಥಹಳ್ಳಿ ನಡುವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ತಾಲೂಕಿನ ಹುಲಿಕಲ್ಲು ಅದಕ್ಕೆ ಪೈಪೋಟಿ ಕೊಡುವ ಊರು. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆ ಒಣಗುವುದಿಲ್ಲ.

ಹಾಗಾಗಿ ಮೇಸ್ತ್ರಿಯವರ ಜೊತೆ ಕರಾರು ಬರೆಯುವಾಗ ಒಂದು ಮಾತನ್ನು ನಾನು ಹಟ ಹಿಡಿದು ಸೇರಿಸಿದೆ. ಸಾಮಾನು ನಮ್ಮದು, ಕೂಲಿ ಅವರದು, ಚದರಕ್ಕೆ 40 ಸಾವಿರದಂತೆ 4 ಲಕ್ಷದ 40 ಸಾವಿರ. ಅದರಲ್ಲಿ 20 ಸಾವಿರ ಒಕ್ಕಲಿನ ದಿನ ಕೊಡುವುದಿಲ್ಲ. ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆ ಕೊಡುತ್ತೇವೆ. ಮೇಸ್ತ್ರಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಮ್ಮಾ, ನನ್ ಕೆಲ್ಸದ ಮೇಲೆ ನಂಬಿಕೆ ಇಲ್ವಾ?" ಎಂದರು. ನಂಬಿಕೆ ಇದೆ, ಮಳೆಗೂ ಒಂದು ಅವಕಾಶ ಕೊಡೋಣ ಎಂದೆ. ಉಳಿದ ಹಣ ಮಾತ್ರ ಎಲ್ಲೂ ತಡ ಮಾಡುವುದಿಲ್ಲ ಎಂದೂ ಬರೆದೆವು. ಪಾಯ, ಲಿಂಟೆಲ್, ತಾರಸಿ, ಮಾಡು, ಗಾರೆ, ನೆಲ. ಒಂದೊಂದು ಹಂತ ಮುಗಿದ ವಾರವೇ ಅದರ ಕಂತು. ಆ ಮಾತನ್ನು ನಾವು ಉಳಿಸಿಕೊಂಡೆವು. ಕೊನೆಯ ತನಕ ಅವರು ನಮ್ಮ ಕೆಲಸ ಬಿಟ್ಟು ಬೇರೆ ಕಡೆ ಹೋಗದೇ ಇದ್ದದ್ದಕ್ಕೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಜಾಗ ಇಳಿಜಾರಿನದು. ಮಣ್ಣು ಸಮ ಮಾಡಲು ಜೆಸಿಬಿ ಬಂದ ದಿನ ಮೊದಲ ಚರ್ಚೆ ಶುರುವಾಯಿತು. ಹಿಂದಿನ ಧರೆಯನ್ನು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆಯನ್ನು, ಇನ್ನೂ 6 ಅಡಿ ಕಡಿದರೆ ಅಂಗಳ ದೊಡ್ಡದಾಗುತ್ತದೆ, ಇನ್ನೆರಡು ಗಂಟೆ ಕೆಲಸ ಅಷ್ಟೇ ಎಂದು ಡ್ರೈವರ್ ಹೇಳಿದ. ನಮ್ಮವರಿಗೂ ಆಸೆ ಇತ್ತು. ಮಾವ ಒಪ್ಪಲಿಲ್ಲ. ಕಡಿದಷ್ಟೂ ಧರೆ ಎತ್ತರವಾಗುತ್ತದೆ, ಮಳೆ ನೀರು ಕುಡಿದು ಭಾರವಾದ ಮಣ್ಣು ಒಂದು ರಾತ್ರಿ ಜರಿದು ಹಿಂದಿನ ಗೋಡೆಗೆ ಬಂದು ನಿಲ್ಲುತ್ತದೆ. ಅದನ್ನು ತಡೆಯಲು ಕಲ್ಲಿನ ಗೋಡೆ ಕಟ್ಟಬೇಕೆಂದರೆ ಅದೇ ಒಂದೆರಡು ಲಕ್ಷ. ಕೊನೆಗೆ ಧರೆ ಮುಟ್ಟಲಿಲ್ಲ. ಮನೆಯನ್ನು ಧರೆಯಿಂದ 10 ಅಡಿ ಮುಂದೆ ತಂದು, ಪಾಯವನ್ನು ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು. ಧರೆಯ ತಲೆಯ ಮೇಲೆ ಒಂದು ಕಾಲುವೆ ತೋಡಿ, ಗುಡ್ಡದ ನೀರು ಪಕ್ಕಕ್ಕೆ ಹರಿಯುವ ಹಾಗೆ ಮಾಡಿದೆವು. ಅಂಗಳ ಚಿಕ್ಕದಾಯಿತು, ನಿಜ. ಅಡಿಕೆ ಒಣಗಿಸಲು ಹೇಗೂ ಹಳೆ ಮನೆಯ ಅಂಗಳ ಇದೆ.

ಗೋಡೆಗೆ ಜಂಬಿಟ್ಟಿಗೆ, ನೆಲದಿಂದ ಕಡಿದು ತೆಗೆಯುವ ಕೆಂಪು ಕಲ್ಲು. ಇದರ ಹೆಸರು ನನಗೆ ತುಂಬಾ ಇಷ್ಟ. 1807ರಲ್ಲಿ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಕೇರಳದ ಅಂಗಾಡಿಪುರದ ಕಲ್ಲನ್ನು ವರ್ಣಿಸಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮವರ ಹೆಸರಿನೊಳಗೂ ಇಟ್ಟಿಗೆಯೇ ಕೂತಿದೆ, ನೋಡಿ. ಮಣ್ಣಿನಿಂದ ಕಡಿದು ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ನಾವು ಪಾಯ ಮುಗಿಯುವ ಮೊದಲೇ ಕಲ್ಲು ತರಿಸಿ ಎರಡು ತಿಂಗಳು ಬಯಲಲ್ಲಿ ಪೇರಿಸಿಟ್ಟೆವು. ಇದಕ್ಕೆ ಒಂದು ರೂಪಾಯಿಯೂ ಜಾಸ್ತಿ ಖರ್ಚಾಗಲಿಲ್ಲ. ಹಣ ಮಾತ್ರ ಎರಡು ತಿಂಗಳು ಮೊದಲೇ ಹೋಯಿತು, ಅಷ್ಟೇ.

ಮೊದಲ ಲೋಡಿನಿಂದ ನಾಲ್ಕು ಕಲ್ಲು ಆರಿಸಿ ಅಡಿಕೆ ತೂಗುವ ಕಾಟಾ ಮೇಲೆ ಇಟ್ಟೆ. ಒಣ ತೂಕ ಬರೆದುಕೊಂಡು, ಒಂದು ರಾತ್ರಿ ಒಂದು ಹಗಲು ತೊಟ್ಟಿಯಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿದೆ. ಮೂರು ಕಲ್ಲು ಸರಿ ಇದ್ದವು. 26 ಕೆ.ಜಿ. ಇದ್ದದ್ದು 28.5 ಆಗಿತ್ತು, ಅಂದರೆ ನೂರಕ್ಕೆ ಹತ್ತಿರ ಹತ್ತಿರ 10. ನಾಲ್ಕನೆಯದು 24ರಿಂದ 28ಕ್ಕೆ ಏರಿತ್ತು. ನೂರಕ್ಕೆ 16ಕ್ಕೂ ಜಾಸ್ತಿ. ಗೋಡೆ ಕಟ್ಟುವ ಜಂಬಿಟ್ಟಿಗೆ ನೂರಕ್ಕೆ 12ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂದು ಐಎಸ್ (ಭಾರತೀಯ ಮಾನಕ) ನಿಯಮವೇ ಇದೆ. ಆ ನಾಲ್ಕನೆಯ ಕಲ್ಲನ್ನು ಒಡೆದು ನೋಡಿದರೆ ಒಳಗೆ ಹಳದಿ ಜೇಡಿಮಣ್ಣಿನ ಗಂಟುಗಳು. ಆಮೇಲೆ ಹಳದಿ ಮಚ್ಚೆ ಜಾಸ್ತಿ ಇದ್ದ ಕಲ್ಲನ್ನೆಲ್ಲ ಇಳಿಸುವಾಗಲೇ ಪಕ್ಕಕ್ಕೆ ಇಡಲು ಹೇಳಿದೆವು. ಹನ್ನೆರಡಕ್ಕೆ ಒಂದರಂತೆ ವಾಪಸ್ ಹೋಯಿತು. ಕಲ್ಲಿನವರು ಮುಖ ಸಣ್ಣ ಮಾಡಿಕೊಂಡರೂ ಬದಲಿ ಕೊಟ್ಟರು.

ಕಲ್ಲಿನ ಬೆಲೆಯಲ್ಲಿ ನಾನು ಮೊದಲು ತಪ್ಪು ಲೆಕ್ಕ ಹಾಕಿದ್ದೆ. ಕೈಯಲ್ಲಿ ಕಡಿದ ಕಲ್ಲಿಗಿಂತ ಮೆಷಿನ್ ಕಲ್ಲು 4 ರೂಪಾಯಿ ಜಾಸ್ತಿ. 2,600 ಕಲ್ಲಿಗೆ 10,400 ಉಳಿಯುತ್ತದೆ ಎಂದು ಕೈ ಕಲ್ಲನ್ನೇ ತರಿಸುವವಳಿದ್ದೆ. ಮೇಸ್ತ್ರಿಯವರು ಎರಡು ನಮೂನೆಯ ಕಲ್ಲನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದರು. ಕೈ ಕಲ್ಲಿನ ಸಂದು ಒಂದು ಇಂಚು, ಮೆಷಿನ್ ಕಲ್ಲಿನದು ಅರ್ಧ ಇಂಚು. ಆ ರಾತ್ರಿ ಕೂತು ಲೆಕ್ಕ ಮಾಡಿದೆ. ಅರ್ಧ ಇಂಚು ಜಾಸ್ತಿ ಸಂದು ತುಂಬಲು ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯಲ್ಲಿ ಸುಮಾರು 20 ಚೀಲ ಸಿಮೆಂಟು, 150 ಘನ ಅಡಿ ಮರಳು ಬೇಕು. ಅದೇ 15 ಸಾವಿರದ ಹತ್ತಿರ ಆಗುತ್ತದೆ. ಕಲ್ಲಿನಲ್ಲಿ ಉಳಿದದ್ದು ಸಂದಿನಲ್ಲಿ ಹೋಗುತ್ತಿತ್ತು. ಮೆಷಿನ್ ಕಲ್ಲೇ ತಂದೆವು.

ಮೂರು ಕಡೆಯ ಗೋಡೆಗೆ ಹೊರಗೆ ಗಾರೆ ಹಾಕಿಲ್ಲ. ಸಂದಿಗೆ ಪಾಯಿಂಟಿಂಗ್ ಮಾತ್ರ. ಪಶ್ಚಿಮದ ಗೋಡೆಗೆ ಆ ಧೈರ್ಯ ಬರಲಿಲ್ಲ. ನಮ್ಮಲ್ಲಿ ಗಾಳಿಮಳೆ ಬಡಿಯುವುದು ಆ ಕಡೆಯಿಂದ. ಅಲ್ಲಿ ಎರಡು ಕೋಟ್ ಗಾರೆ ಹಾಕಿಸಿ, ಮೇಲೆ ದುಬಾರಿ ವಾಟರ್‌ಪ್ರೂಫ್ ಪೇಂಟ್ ಬಳಿಯುವ ಯೋಚನೆ ಇತ್ತು. ಅತ್ತೆ ಕೇಳಿದರು, "ಸೌದೆ ಕೊಟ್ಟಿಗೆ ಎಲ್ಲಿ ಕಟ್ತೀರಿ?" ಎಂದು. ಸೌದೆ ಇಡಲು ಹೇಗೂ ಒಂದು ಕಡಿಮಾಡು ಬೇಕೇ ಬೇಕು. ಅದನ್ನು ಹಿತ್ತಲಲ್ಲಿ ಕಟ್ಟುವ ಬದಲು ಪಶ್ಚಿಮದ ಗೋಡೆಗೆ ಒರಗಿಸಿ ಇಳಿಸಿದೆವು. ಈಗ ಆ ಗೋಡೆಗೆ ಮಳೆ ಮುಟ್ಟುವುದೇ ಇಲ್ಲ. ಪೇಂಟಿನ ಖರ್ಚು ಉಳಿಯಿತು, ಎರಡನೇ ಕೋಟ್ ಗಾರೆಯೂ ಉಳಿಯಿತು. ಈ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ತೀರ್ಮಾನ ಇದು, ಅದು ಅತ್ತೆಯವರದು.

ಕಬ್ಬಿಣ. ರಾಡಿನ ತೂಕ ಹೇಗೆ ನೋಡುವುದು ಎಂದು ನನಗೆ ಹೇಳಿಕೊಟ್ಟದ್ದು ತಮ್ಮ. ರಾಡಿನ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ. 10 ಎಂ.ಎಂ. ರಾಡು ಮೀಟರಿಗೆ 0.617 ಕೆ.ಜಿ., 12 ಮೀಟರಿನ ಪೂರ್ತಿ ರಾಡು 7.4 ಕೆ.ಜಿ. 8 ಎಂ.ಎಂ. ರಾಡು 4.74, 12 ಎಂ.ಎಂ. ರಾಡು 10.67. ಮೊದಲ ಸಲ ತಂದ ಕಡೆ ರಾಡಿನ ಲೆಕ್ಕದಲ್ಲಿ ಬೆಲೆ ಹೇಳಿದರು, ತೂಕದಲ್ಲಿ ಅಲ್ಲ. ಮನೆಗೆ ತಂದು 10 ಎಂ.ಎಂ.ನ ಹತ್ತು ರಾಡು ಕಾಟಾಕ್ಕೆ ಹಾಕಿದರೆ 66 ಕೆ.ಜಿ. ಬರಬೇಕಾದ್ದು 74. ಈ ದಪ್ಪದ ರಾಡಿಗೆ ನೂರಕ್ಕೆ 7 ಆಚೀಚೆ ಇರಬಹುದು ಎಂದು ನಿಯಮ. ಇದು ಅದಕ್ಕಿಂತಲೂ ಕಡಿಮೆ. ಲೆಕ್ಕದಲ್ಲಿ ಕೊಂಡರೆ ಹಣವೂ ಹೋಯಿತು, ಬಲವೂ ಹೋಯಿತು. ಅಷ್ಟೂ ವಾಪಸ್ ಕಳಿಸಿ, ಶಿವಮೊಗ್ಗದಿಂದ ತೂಕಕ್ಕೆ ಬಿಲ್ ಮಾಡುವ ಕಡೆಯಿಂದ ತರಿಸಿದೆವು. ಬಾಡಿಗೆ 2,500 ಜಾಸ್ತಿ ಬಿತ್ತು. ಇಂಥ ಖರ್ಚಿಗೆ ನನಗೆ ಬೇಸರವಿಲ್ಲ.

ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳಿನ ಲೋಡನ್ನೂ ಟೇಪ್ ಹಿಡಿದು ಅಳೆದೆವು. 200 ಅಡಿ ಎಂದು ಹೇಳಿ ತಂದ ಟಿಪ್ಪರಿನ ಒಳಗಿನ ಅಳತೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರ. ಗುಣಿಸಿದರೆ 180. ಅಂದಿನಿಂದ ಅಡಿ ಲೆಕ್ಕದಲ್ಲೇ ಹಣ ಕೊಟ್ಟೆವು. ಇನ್ನೊಂದು ವಿಷಯ ಇದೆ. ಒದ್ದೆ ಮರಳು ಉಬ್ಬಿಕೊಂಡಿರುತ್ತದೆ. ಸ್ವಲ್ಪವೇ ಹಸಿ ಇದ್ದರೂ ಕಾಲು ಭಾಗದಷ್ಟು ಜಾಸ್ತಿ ಕಾಣಬಹುದು.  ಧೂಳು ಎಷ್ಟಿದೆ ನೋಡಲು ಒಂದು ಗಾಜಿನ ಬಾಟಲಿಯಲ್ಲಿ ಅರ್ಧ ಮರಳು ಹಾಕಿ, ಉಪ್ಪುನೀರು ತುಂಬಿ, ಕುಲುಕಿ, ಎರಡು ಮೂರು ಗಂಟೆ ಬಿಟ್ಟರೆ ಸಾಕು. ಮೇಲೆ ಕೂರುವ ಕೆಸರಿನ ಪದರ ಕಣ್ಣಿಗೇ ಕಾಣುತ್ತದೆ.

ಸಿಮೆಂಟನ್ನು ಒಂದೇ ಸಲ ತಂದರೆ ಅಗ್ಗ ಎಂದು ಅಂಗಡಿಯವರು ಹೇಳುತ್ತಲೇ ಇದ್ದರು. ನಮ್ಮ ಗಾಳಿಯ ತೇವಕ್ಕೆ ಅದು ಆಗದ ಮಾತು. ಮೂರು ತಿಂಗಳು ಇಟ್ಟ ಸಿಮೆಂಟಿನ ಶಕ್ತಿ ಚೆನ್ನಾಗಿಯೇ ಕುಗ್ಗುತ್ತದೆ. ಚೀಲದ ಮೇಲೆ ಎಷ್ಟನೇ ವಾರ, ಯಾವ ವರ್ಷ ಎಂದು ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿ ತಿಂಗಳೊಳಗಿನದನ್ನು ಮಾತ್ರ ಇಳಿಸಿಕೊಂಡೆವು. ಕೊಟ್ಟಿಗೆಯಲ್ಲಿ ಅಡಿಕೆ ದಬ್ಬೆಯ ಅಟ್ಟಣೆ ಮಾಡಿ, ಗೋಡೆಯಿಂದ ಒಂದು ಅಡಿ ಬಿಟ್ಟು, ಹತ್ತು ಚೀಲಕ್ಕಿಂತ ಎತ್ತರ ಪೇರಿಸದೆ ಇಟ್ಟೆವು. ಒಂದು ಚೀಲವೂ ಗಂಟು ಕಟ್ಟಲಿಲ್ಲ.

ಈಗ ತಾರಸಿ. ಪೂರ್ತಿ ಮನೆಗೆ ಆರ್‌ಸಿಸಿ ಹಾಕಿ, ಎರಡು ಮಳೆಗಾಲ ಕಳೆದ ಮೇಲೆ ಅದರ ಮೇಲೆ ತಗಡಿನ ಶೀಟು ಹೊದಿಸಿದ ಎಷ್ಟು ಮನೆ ನಮ್ಮ ರಸ್ತೆಯಲ್ಲೇ ಇವೆ! ಎರಡು ಮಾಡಿನ ಖರ್ಚು. ನಾವು ಅಡುಗೆಮನೆ, ಬಚ್ಚಲು, ಒಂದು ಸಣ್ಣ ಕೋಣೆ ಸೇರಿ 3 ಚದರಕ್ಕೆ ಮಾತ್ರ ಆರ್‌ಸಿಸಿ ಹಾಕಿದೆವು. ನೀರಿನ ಟ್ಯಾಂಕ್ ಇಡಲು ಅಷ್ಟು ಬೇಕಿತ್ತು. ಉಳಿದ 8 ಚದರಕ್ಕೆ ಕಬ್ಬಿಣದ ಪೈಪಿನ ಮೇಲೆ ಮಂಗಳೂರು ಹಂಚು.

ತಾರಸಿ ಹಾಕಿದ ದಿನ ನಾನು ಬೆಳಗಿನಿಂದ ಮಿಕ್ಸರ್ ಪಕ್ಕ ನಿಂತಿದ್ದೆ. 34 ಚೀಲದ ಕೆಲಸ. ಕಾಂಕ್ರೀಟಿನ ಗುಣ ಕೆಡುವುದು ನೀರಿನಿಂದ. ಒಂದು ಚೀಲಕ್ಕೆ 25 ಲೀಟರ್ ನೀರು. ಮರಳು ಹಸಿ ಇದ್ದರೆ ಅದಕ್ಕಿಂತ ಕಡಿಮೆ. ಬಕೆಟಿಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದೆ. ಹುಡುಗರಿಗೆ ಕಷ್ಟವಾಯಿತು. ಗಟ್ಟಿ ಕಲಸಿದ ಕಾಂಕ್ರೀಟು ಬಾಂಡ್ಲಿಯಿಂದ ಸಲೀಸಾಗಿ ಜಾರುವುದಿಲ್ಲ. "ಅಮ್ಮಾ, ಇಷ್ಟು ಗಟ್ಟಿಯಾದ್ರೆ ರಾಡಿನ ಕೆಳಗೆ ಇಳಿಯಲ್ಲ" ಎಂದು ಮೇಸ್ತ್ರಿಯವರೂ ಹೇಳಿದರು. ಅದೂ ಸರಿಯೇ. ಅದಕ್ಕೇ ಕಾಂಕ್ರೀಟನ್ನು ಅದುರಿಸಿ ಕೆಳಗಿಳಿಸುವ ವೈಬ್ರೇಟರ್ ಬಾಡಿಗೆಗೆ ತರಿಸಿದ್ದೆವು. ಜಾಸ್ತಿ ಹಾಕಿದ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಅದು ಇದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ನಮ್ಮ ಮಳೆ ಒಳಗೆ ಬರುವುದು ಅದೇ ತೂತುಗಳಿಂದ. ಇದನ್ನು ಹುಡುಗರಿಗೂ ಬಿಡಿಸಿ ಹೇಳಿದೆ. ಆಮೇಲೆ ಅವರೇ ಗೆರೆ ನೋಡಿ ನೀರು ತುಂಬಿದರು.

ರಾಡು ಸೆಂಟ್ರಿಂಗ್ ಶೀಟಿಗೆ (ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊರುವ ತಗಡಿಗೆ) ತಾಗದೆ 20 ಎಂ.ಎಂ. ಎತ್ತರದಲ್ಲಿ ನಿಲ್ಲಬೇಕು. ಸಾಮಾನ್ಯವಾಗಿ ಜಲ್ಲಿ ಚೂರು ಇಡುತ್ತಾರೆ, ತುಳಿದಾಗ ಜಾರಿ ಹೋಗುತ್ತದೆ. ಹಿಂದಿನ ವಾರವೇ ಮಗಳು ಮತ್ತು ನಾನು ಗಾರೆಯಲ್ಲಿ 20 ಎಂ.ಎಂ. ದಪ್ಪದ ಸಣ್ಣ ಬಿಲ್ಲೆ ಎರಕ ಹೊಯ್ದು, ಮಧ್ಯೆ ಕಟ್ಟುವ ತಂತಿ ಸಿಕ್ಕಿಸಿ, ನೀರಿನಲ್ಲಿ ಮುಳುಗಿಸಿಟ್ಟಿದ್ದೆವು. ತಾರಸಿ ಹಾಕಿದ ಮಾರನೇ ದಿನ ಬೆಳಿಗ್ಗೆ ಅದರ ಮೇಲೆ ಗದ್ದೆಗೆ ಕಟ್ಟುವ ಹಾಗೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆವು. 14 ದಿನ ನೀರು ಇಳಿಯಲು ಬಿಡಲಿಲ್ಲ. ಸೆಂಟ್ರಿಂಗ್ ಬಿಚ್ಚಿದ್ದೂ ಆಮೇಲೆಯೇ. ನಮ್ಮ ತಾರಸಿಯ ಅಗಲಕ್ಕೆ 7 ದಿನ ಸಾಕು, ಆದರೆ ನಾವು ಬಳಸಿದ್ದು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಅದು ನಿಧಾನ ಗಟ್ಟಿಯಾಗುತ್ತದೆ.

ಹಂಚಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ನೆಲದ ಅಳತೆ 8 ಚದರ ಇದ್ದರೂ, ಇಳಿಜಾರು ಮತ್ತು ಮೂರೂವರೆ ಅಡಿ ಸೂರು ಸೇರಿದರೆ ಮಾಡಿನ ಅಳತೆ ಹದಿಮೂರೂವರೆ ಚದರದ ಹತ್ತಿರ ಬರುತ್ತದೆ. ನಾನು ಬಜೆಟ್ ಮಾಡುವಾಗ 8ಕ್ಕೇ ಪೈಪಿನ ಲೆಕ್ಕ ಹಾಕಿದ್ದೆ. ಅಲ್ಲೇ 60 ಸಾವಿರ ಏರಿತು. ಸೂರು ಕಡಿಮೆ ಮಾಡಿ ಸರಿದೂಗಿಸಬಹುದಿತ್ತು, ಮನಸ್ಸು ಬರಲಿಲ್ಲ. ಹಂಚು ಒಟ್ಟು 2,000 ಬೇಕಾಯಿತು. ಹಳೆ ಮನೆಯ ಹಿಂದಿನ ಭಾಗ ಇಳಿಸಿದಾಗ ಸಿಕ್ಕಿದ ಹಂಚನ್ನು ತೊಳೆದು, ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ಬಡಿದು ನೋಡಿದೆವು. ಠಣ್ ಎಂದದ್ದು ಇರಲಿ, ಬೊದ್ದು ಶಬ್ದ ಬಂದದ್ದು ಬೇಡ. 1,300 ಉಳಿದವು. ಹೊಸದಾಗಿ ತಂದದ್ದು 740, ಒಡೆದರೆ ಇರಲಿ ಎಂದು 40 ಸೇರಿಸಿ. ಹೆಬ್ಬಾಗಿಲೂ ಹಳೆಯದೇ, ಮಾವನ ಅಪ್ಪ ಮಾಡಿಸಿದ ಹಲಸಿನ ಬಾಗಿಲು.

ಪೈಪು, ವೈರಿಂಗ್ ಬಗ್ಗೆ ಹೇಳುವಂಥದ್ದು ಕಡಿಮೆ. ಗಾರೆ ಹಾಕುವ ಮೊದಲು ಪ್ರತಿ ಗೋಡೆಯ ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು. ಪೈಪಿಗೆಲ್ಲ ಮುಚ್ಚಳ ಹಾಕಿ ಒಂದು ರಾತ್ರಿ ನೀರು ತುಂಬಿಸಿಟ್ಟೆವು. ಬಚ್ಚಲಿನಲ್ಲೂ ಟೈಲ್ಸ್ ಕೂರಿಸುವ ಮೊದಲು ಎರಡು ದಿನ ನೀರು ನಿಲ್ಲಿಸಿ ನೋಡಿದೆವು.

ಲೆಕ್ಕಪುಸ್ತಕದಲ್ಲಿ ನಾನು ಒಂದು ಪುಟಕ್ಕೆ 'ಮನಸ್ಸು ಬದಲಾಯಿಸಿದ್ದು' ಎಂದು ಹೆಸರಿಟ್ಟಿದ್ದೆ. ಅಡುಗೆಮನೆಯ ಕಿಟಕಿ ಒಂದೂವರೆ ಅಡಿ ಸರಿಸಿದ್ದು, ದೇವರ ಕೋಣೆಯ ಬಾಗಿಲು ತಿರುಗಿಸಿದ್ದು, ಜಗುಲಿಗೆ ರೆಡ್ ಆಕ್ಸೈಡ್ ಎಂದಿದ್ದವರು ಕೊನೆಗೆ ಕಡಪ ಕಲ್ಲು ಹಾಕಿದ್ದು. ಕಟ್ಟಿದ್ದನ್ನು ಒಡೆದ ಕೂಲಿ, ಹಾಳಾದ ಸಾಮಾನು ಎಲ್ಲ ಸೇರಿ 58 ಸಾವಿರ. ಈ ಪುಟ ಪ್ರತಿ ಶನಿವಾರ ಬಟವಾಡೆ ಮುಗಿದ ಮೇಲೆ ಮನೆಯವರೆಲ್ಲರೂ ನೋಡುತ್ತಿದ್ದೆವು. ಅದರಿಂದಲೇ ಆಮೇಲಿನ ಎರಡು ಮೂರು ಬದಲಾವಣೆ ನಿಂತಿತು. ಕಾರ್ತಿಕದಲ್ಲಿ ಗುದ್ದಲಿ ಪೂಜೆ ಮಾಡಿದ್ದು, ಅಡಿಕೆ ಕೊಯ್ಲು ಮುಗಿಯುವ ತನಕ ಆಳು ಸಿಗದೆ ಕೆಲಸ ಕುಂಟಿತು. ಏಪ್ರಿಲ್ ಕೊನೆಗೆ ಹಂಚು ಹೊದಿಸಿ, ಮೇ ತಿಂಗಳಲ್ಲಿ ಒಕ್ಕಲಾದೆವು. ಅಂದಾಜು 22 ಲಕ್ಷ ಇತ್ತು. ಮುಗಿದಾಗ 23 ಲಕ್ಷದ 40 ಸಾವಿರ.

ಆರಿದ್ರಾ ಮಳೆ ಚೆನ್ನಾಗಿಯೇ ಕಳೆಯಿತು. ಪುನರ್ವಸುವಿನಲ್ಲೂ ಒಂದು ಹನಿ ಇಲ್ಲ. ಪುಷ್ಯದ ಮೂರನೇ ದಿನ ನಡುಮನೆಯ ಮೂಲೆಯಲ್ಲಿ ಅಂಗೈಯಷ್ಟು ಒದ್ದೆ ಕಂಡಿತು. ಸಂಜೆಗೆ ಮೊರದಷ್ಟು ಅಗಲವಾಯಿತು. ನಾನು ಆ ರಾತ್ರಿ ಮಲಗಲಿಲ್ಲ. ಇಷ್ಟೆಲ್ಲ ಅಳೆದು ತೂಗಿ ಮಾಡಿದ ಮೇಲೂ ಹೀಗಾಯಿತಲ್ಲ ಎಂದು ಅಳು ಬಂತು.

ಮಾರನೇ ದಿನ ಮೇಸ್ತ್ರಿಯವರು ಕೊಪ್ಪೆ ಹಾಕಿಕೊಂಡು ಬಂದು ಮಾಡು ಹತ್ತಿದರು. ಹಂಚು ಸರಿ ಇತ್ತು, ತಾರಸಿಯೂ ಸರಿ ಇತ್ತು. ಎರಡೂ ಸೇರುವ ಜಾಗದಲ್ಲಿ ತೊಂದರೆ. ಹಂಚಿನ ಮಾಡು ಬಂದು ತಾರಸಿಯ ಗೋಡೆಗೆ ತಾಗುವಲ್ಲಿ ಒಂದು ಜಿಂಕ್ ತಗಡು ಒರಗಿಸಿ, ಮೇಲಂಚಿಗೆ ಗಾರೆ ಮೆತ್ತಿದ್ದರು. ತಗಡು ಬಿಸಿಲಿಗೆ ಹಿಗ್ಗಿ ಕುಗ್ಗಿ, ಗಾರೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗೋಡೆಯ ಮೇಲೆ ಇಳಿದ ನೀರು ಆ ಬಿರುಕಿನಿಂದ ತಗಡಿನ ಹಿಂದೆ ಇಳಿಯುತ್ತಿತ್ತು. ಆ ಜಾಗ ಆರ್‌ಸಿಸಿಯವರದೂ ಅಲ್ಲ, ಮಾಡಿನವರದೂ ಅಲ್ಲ. ಕರಾರಿನಲ್ಲಿ ಅದನ್ನು ಯಾರು ಹೇಗೆ ಮಾಡಬೇಕು ಎಂದು ನಾನೂ ಬರೆದಿರಲಿಲ್ಲ.

ಜಡಿಮಳೆಯಲ್ಲಿ ಏನೂ ಮಾಡುವ ಹಾಗಿರಲಿಲ್ಲ. ಟಾರ್ಪಾಲು ಕಟ್ಟಿ ಕಾದೆವು. ಆಶ್ಲೇಷದಲ್ಲಿ ನಾಲ್ಕು ದಿನ ಹೊಳವಾಯಿತು. ಗೋಡೆ ಒಣಗಲು ಎರಡು ದಿನ ಬಿಟ್ಟು, ಮೂರನೇ ದಿನ ಕೆಲಸ ಶುರು. ಹಳೆ ಗಾರೆ ಕಿತ್ತು, ಕಟರಿನಿಂದ ಗೋಡೆಯುದ್ದಕ್ಕೂ ಒಂದು ಇಂಚು ಆಳದ ಕಚ್ಚು ಕೊಯ್ದರು. ತಗಡಿನ ಮೇಲಂಚನ್ನು ಮಡಚಿ ಆ ಕಚ್ಚಿನೊಳಗೆ ಸೇರಿಸಿ, ಕಚ್ಚನ್ನು ರಬ್ಬರಿನಂತೆ ಹಿಗ್ಗುವ ಪಿಯು ಸೀಲೆಂಟಿನಿಂದ ತುಂಬಿದರು. ತಗಡಿನ ಕೆಳಭಾಗ ಹಂಚಿನ ಮೇಲೆ 6 ಇಂಚು ಇಳಿದು ಕೂತಿತು. ಸಾಮಾನಿಗೆ ಆದದ್ದು 3,800, ಅದು ನಮ್ಮದು. ಕೂಲಿ ತೆಗೆದುಕೊಳ್ಳಲಿಲ್ಲ. ಮರುದಿನ ಪೈಪಿನಿಂದ ಅರ್ಧ ಗಂಟೆ ನೀರು ಬಿಟ್ಟು ನೋಡಿದೆವು. ಮಳೆ ಮತ್ತೆ ಹಿಡಿಯಿತು. ಮಘೆ, ಹುಬ್ಬೆ ಎರಡೂ ಕಳೆದವು. ಮೂಲೆ ಒಣಗಿಯೇ ಇತ್ತು.

ದೀಪಾವಳಿ ಕಳೆದ ವಾರ ಮೇಸ್ತ್ರಿಯವರನ್ನು ಊಟಕ್ಕೆ ಕರೆದು 20 ಸಾವಿರ ಕೊಟ್ಟೆವು. ಹಣ ಎಣಿಸುವ ಮೊದಲು ಅವರು ನಡುಮನೆಗೆ ಹೋಗಿ ಆ ಮೂಲೆಗೆ ಅಂಗೈ ಒತ್ತಿ ನೋಡಿ ಬಂದರು. ಮುಂದಿನ ಕೆಲಸದ ಕರಾರಿನಲ್ಲಿ ತಗಡಿನ ಕಚ್ಚನ್ನೂ ಮೊದಲೇ ಬರೆಸುತ್ತೇನೆ ಎಂದರು. ಉಳಿದ 40 ಹಂಚು ಅಟ್ಟದಲ್ಲಿದೆ. ಏಪ್ರಿಲ್‌ನಲ್ಲಿ ಮಾಡು ಹತ್ತಿ ಒಡೆದ ಹಂಚು ಬದಲಿಸಬೇಕು, ಧರೆಯ ಮೇಲಿನ ಕಾಲುವೆಯ ದರಗು ತೆಗೆಯಬೇಕು, ಸೀಲೆಂಟ್ ಎಲ್ಲಾದರೂ ಬಿಟ್ಟಿದೆಯಾ ನೋಡಬೇಕು. ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ.